ಫ್ಯೂಸ್ ಹೋಗುವುದಿಲ್ಲ, ದೀಪ ಮಾತ್ರ ಮಂಕು: ನಾಡದೋಣಿಯ ಸಿಗ್ನಲ್ ಲೈಟ್ ವಯರಿಂಗ್ ಬಗ್ಗೆ ಕೇಳುವುದಿತ್ತು

ಅಳಿವೆಬಾಯಿ · ಗಂಗೊಳ್ಳಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು 24 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್. ನಾನು, ಅಣ್ಣ, ಭಾವ ಮೂವರು ಹೋಗುವುದು. 10 ಎಚ್‌ಪಿ ಒಳಗಿನದ್ದಾದ್ದರಿಂದ ಜೂನ್-ಜುಲೈನಲ್ಲಿ ನಮಗೆ ನಿಷೇಧ ಇಲ್ಲ, ಆದರೆ ಅಳಿವೆಯಲ್ಲಿ ತೆರೆ ನೋಡಿದರೆ ಇಳಿಯುವ ಮನಸ್ಸಾಗುವುದಿಲ್ಲ. ದೋಣಿ ಮೇಲೆ ಎಳೆದು ಟಾರ್ಪಾಲು ಹೊದಿಸಿದ್ದೇವೆ. ಈ ಬಿಡುವಿನಲ್ಲಿ ಲೈಟಿನ ವಯರಿಂಗ್ ಪೂರಾ ಹೊಸತು ಮಾಡುವ ಅಂತ.

ಯಾಕೆಂದರೆ, ಮೇ ತಿಂಗಳಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ನಾವು ಒಳಗೆ ಬರುವಾಗ ಎದುರಿನಿಂದ ಟ್ರಾಲ್ ಬೋಟೊಂದು ಹೊರಟಿತ್ತು. ಹತ್ತು ಮಾರು ದೂರ ಬರುವವರೆಗೆ ಅವರಿಗೆ ನಾವು ಕಾಣಲೇ ಇಲ್ಲ. ತಿರುಗಿಸಿಕೊಂಡು ಹೋಗುವಾಗ ಆ ಬೋಟಿನ ತಾಂಡೇಲ (ಬೋಟ್ ನಡೆಸುವವ) ಕೂಗಿದ್ದು: "ಲೈಟ್ ಹಾಕ್ಕೊಂಡು ಸಾಯ್ರೋ!" ಲೈಟ್ ಹಾಕಿಯೇ ಇತ್ತು ಸ್ವಾಮಿ. ಕೆಂಪು ದೀಪದ ಬೆಳಕು ನನ್ನ ಕೈ ಮೇಲೆ ಬೀಳುತ್ತಿತ್ತು. ಅವರಿಗೆ ಮಾತ್ರ ಕಾಣಲಿಲ್ಲ.

ದಡದಲ್ಲಿ ಒಂದೊಂದೇ ದೀಪ ಹಾಕಿ ನೋಡಿದರೆ ಚೆನ್ನಾಗೇ ಉರಿಯುತ್ತದೆ. ಕೆಂಪು, ಹಸಿರು, ಬಿಳಿ ಮೂರೂ ಹಾಕಿದರೆ ಮುಂದಿನ ಎರಡು ಮಂಕಾಗುತ್ತವೆ. ಮೂರೂ 10 ವ್ಯಾಟಿನ ಬಲ್ಬು, 12 ವೋಲ್ಟ್ ಬ್ಯಾಟರಿ ಹಿಂದೆ ಇದೆ, ಮೂತಿಯ ದೀಪಕ್ಕೆ ವಯರ್ ಸುಮಾರು 8 ಮೀಟರ್. ಬ್ಯಾಟರಿ ಪಕ್ಕ ಕಾರಿಗೆ ಹಾಕುವಂಥ ಹಳದಿ ಫ್ಯೂಸ್ ಇದೆ, ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ. ಹಾಗಾದರೆ ವಯರಿಂಗ್ ಸರಿ ಇದೆ ಅಂತಲೇ ಅಲ್ಲವಾ? ಎಲ್‌ಇಡಿ ಹಾಕಿದರೆ ಸಾಕಾ? ಫ್ಯೂಸ್ ಎಷ್ಟು ಆಂಪಿನದು ಇರಬೇಕು?


ಮಲ್ಪೆ ವಯರ್‌ಮನ್ · ಭಾನುವಾರ ರಾತ್ರಿ 10:05

ಹಳದಿ ಅಂದರೆ 20 ಆಂಪ್. ಮೂರು ದೀಪ ಸೇರಿ ಎಳೆಯುವುದು ಎರಡೂವರೆ ಆಂಪ್. ಅದು ಹೋಗುವುದಾದರೂ ಹೇಗೆ? ವಯರ್ ಯಾವುದು ಹಾಕಿದ್ದಾರೆ ನೋಡಿ ಹೇಳಿ.


ಕೋಡಿ ಹುಡುಗ · ಭಾನುವಾರ ರಾತ್ರಿ 10:20

ಹ್ವಾಯ್, ಇಷ್ಟೆಲ್ಲ ಎಂತಕ್ಕ್ ಮಾರಾಯ್ರೆ? ನಮ್ಮ್ ಅಪ್ಪಯ್ಯ ಬರೀ ಟಾರ್ಚ್ ಹಿಡ್ಕಂಡ್ ನಲ್ವತ್ತ್ ವರ್ಷ ಮೀನಿಗ್ ಹೋಯಿರ್. ಎದ್ರಿಗ್ ಬೋಟ್ ಬಂದ್ರೆ ಟಾರ್ಚ್ ತೋರ್ಸುದ್, ಮುಗೀತ್.


ಬೈತಖೋಲ · ಕಾರವಾರ · ಸೋಮವಾರ ಬೆಳಿಗ್ಗೆ 6:15

ಅಪ್ಪಯ್ಯನವರ ಕಾಲದಲ್ಲಿ ಹುಟ್ಟು ಹಾಕುವ ದೋಣಿ ಇದ್ದಿರಬೇಕು. ಹುಟ್ಟಿನ ದೋಣಿಗೆ ಇವತ್ತಿಗೂ ಟಾರ್ಚ್ ನಡೆಯುತ್ತದೆ, ಹಡಗು-ದೋಣಿಗಳ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮದಲ್ಲೇ ಹಾಗಿದೆ. ಎಂಜಿನ್ ಕೂತ ಮೇಲೆ ಲೆಕ್ಕ ಬೇರೆ. 7 ಮೀಟರಿಗಿಂತ ಚಿಕ್ಕದಾಗಿ, 7 ನಾಟ್‌ಗಿಂತ (ಗಂಟೆಗೆ 7 ನಾಟಿಕಲ್ ಮೈಲಿ) ಹೆಚ್ಚು ಓಡದ ದೋಣಿಯಾದರೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು, ಆದರೆ ಬದಿಯ ದೀಪ ಹಾಕಲು ಸಾಧ್ಯವಿದ್ದರೆ ಅದನ್ನೂ ಹಾಕಬೇಕು. 24 ಅಡಿ ಎಂದರೆ 7.3 ಮೀಟರ್. ಆ ವಿನಾಯಿತಿ ನಿಮಗೆ ಒಂದಡಿಯಲ್ಲಿ ತಪ್ಪಿತು.

12 ಮೀಟರ್ ಒಳಗಿನವರಿಗೆ ಬೇಕಾದ್ದು ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಸುತ್ತಲೂ ಕಾಣುವ ಬಿಳಿ. ಬಿಳಿ ದೀಪ ಬದಿಯ ದೀಪಗಳಿಗಿಂತ ಕನಿಷ್ಠ 1 ಮೀಟರ್ ಎತ್ತರದಲ್ಲಿರಬೇಕು. ಕೆಂಪು-ಹಸಿರು 1 ನಾಟಿಕಲ್ ಮೈಲಿ ದೂರಕ್ಕೆ, ಬಿಳಿ 2 ಮೈಲಿಗೆ ಕಾಣಬೇಕು. 1 ಮೈಲಿ ಎಂದರೆ 1852 ಮೀಟರ್. ನಿಮ್ಮದು ಹತ್ತು ಮಾರಿಗೆ ಕಾಣಲಿಲ್ಲ ಅನ್ನುತ್ತೀರಿ.

ನಾನು ಇಪ್ಪತ್ತೆರಡು ವರ್ಷ ಮರ್ಚೆಂಟ್ ಹಡಗಿನಲ್ಲಿದ್ದವನು. ಬ್ರಿಜ್ಜಿನಲ್ಲಿ ನಿಂತವನಿಗೆ ದೋಣಿ ಕಾಣುವುದಿಲ್ಲ, ಬಣ್ಣ ಕಾಣುತ್ತದೆ. ಕೆಂಪು ಕಂಡರೆ ನಿಮ್ಮ ಎಡಮಗ್ಗುಲು ನನ್ನ ಕಡೆಗಿದೆ ಅಂತ, ಎರಡೂ ಕಂಡರೆ ನೇರ ನನ್ನ ಮೇಲೇ ಬರುತ್ತಿದ್ದೀರಿ ಅಂತ. ಟಾರ್ಚ್ ಕಂಡರೆ? ಅಲ್ಲೇನೋ ಇದೆ, ಎತ್ತ ಹೋಗುತ್ತದೋ ದೇವರಿಗೇ ಗೊತ್ತು.


ಅಳಿವೆಬಾಯಿ · ಸೋಮವಾರ ಸಂಜೆ 5:30

ವಯರ್ ನೋಡಿದೆ. ಮೈಕ್ ಸೆಟ್ಟಿನವರು ಸ್ಪೀಕರಿಗೆ ಎಳೆಯುತ್ತಾರಲ್ಲ, ಆ ಅವಳಿ ವಯರ್. ತುದಿಯನ್ನು ಅಂಗಡಿಯವರಿಗೆ ತೋರಿಸಿದೆ, ಅರ್ಧ ಸ್ಕ್ವೇರ್ (ಅರ್ಧ ಚದರ ಮಿಲಿಮೀಟರ್ ದಪ್ಪ) ಎಂದರು. ಇನ್ನೂ ಒಂದು ಸಿಕ್ಕಿತು. ಬಿಳಿ ದೀಪಕ್ಕೆ ಗಾಜಿನ ಕೊಳವೆಯ ಫ್ಯೂಸ್ ಬೇರೆ ಇತ್ತು. ಕರೆಂಟ್ ಫ್ಯೂಸ್ ತಪ್ಪಿಸಿ ಹರಿಯಲಿ ಅಂತ ಅದರ ಸುತ್ತ ಸಿಗರೇಟ್ ಪ್ಯಾಕೆಟ್ಟಿನ ಬೆಳ್ಳಿ ಕಾಗದ ಸುತ್ತಿ ಒಳಗೆ ತುರುಕಿದ್ದಾರೆ. ಮಾಡಿದವರು ಈಗ ಊರಲ್ಲಿಲ್ಲ.


ಲೆಕ್ಕದ ಮೇಷ್ಟ್ರು · ಸಾಗರ · ಸೋಮವಾರ ರಾತ್ರಿ 8:10

ನಾನು ಭೌತಶಾಸ್ತ್ರ ಕಲಿಸುವವನು, ಕಡಲು ನೋಡಿದ್ದು ಮುರುಡೇಶ್ವರದಲ್ಲಿ ಮಾತ್ರ. ಆದರೂ ಈ ಅರ್ಧ ಸ್ಕ್ವೇರ್ ವಯರಿನ ಲೆಕ್ಕ ಮಾಡದೆ ಇರಲಾಗಲಿಲ್ಲ.

ಅರ್ಧ ಸ್ಕ್ವೇರ್ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.039 ಓಮ್ ರೋಧ. 8 ಮೀಟರ್ ಹೋಗಿ 8 ಮೀಟರ್ ವಾಪಸು ಬರಬೇಕು, 16 ಮೀಟರ್. ಒಟ್ಟು 0.62 ಓಮ್. ಮುಂದಿನ ಎರಡು ದೀಪಕ್ಕೆ 1.7 ಆಂಪ್ ಹರಿದರೆ ವಯರಿನಲ್ಲೇ 1 ವೋಲ್ಟ್ ಹೋಯಿತು.

ಇದು ಬೆಳಕಿನ ಮಾತು. ಬೆಂಕಿಯ ಮಾತು ಇನ್ನೂ ಕೆಟ್ಟದಾಗಿದೆ. ಮೂತಿಯ ದೀಪಕ್ಕೆ ನೀರು ಹೊಕ್ಕು ಎರಡು ತಂತಿ ಕೂಡಿಕೊಂಡವು ಅನ್ನೋಣ. 12 ವೋಲ್ಟನ್ನು 0.62ರಿಂದ ಭಾಗಿಸಿ: 19 ಆಂಪ್. ನಿಮ್ಮ ಫ್ಯೂಸ್ 20 ಆಂಪಿನದು. ಅದು ಹೋಗುವುದೇ ಇಲ್ಲ! ಪೂರಾ ಶಾರ್ಟ್ ಆದರೂ ಫ್ಯೂಸ್ ಆರಾಮವಾಗಿ ಕೂತಿರುತ್ತದೆ, 8 ಮೀಟರ್ ವಯರ್ ಇಸ್ತ್ರಿ ಪೆಟ್ಟಿಗೆಯ ಕಾಯಿಲಿನಂತೆ ಕಾಯುತ್ತದೆ. ಅದು ಹೋಗಿರುವುದು ಯಾವುದರ ಕೆಳಗೆ?


ಅಳಿವೆಬಾಯಿ · ಸೋಮವಾರ ರಾತ್ರಿ 8:25

ಬಲೆ ರಾಶಿಯ ಕೆಳಗೆ. ಪೆಟ್ರೋಲ್ ಟ್ಯಾಂಕ್ ಪಕ್ಕದಿಂದ.


ಮಲ್ಪೆ ವಯರ್‌ಮನ್ · ಸೋಮವಾರ ರಾತ್ರಿ 8:40

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಎಲ್ಲರೂ ಫ್ಯೂಸ್ ದೀಪಕ್ಕೆ ಅಂದುಕೊಳ್ಳುತ್ತಾರೆ. ದೀಪ ಸತ್ತರೆ ಇನ್ನೊಂದು ತರಬಹುದು. ಫ್ಯೂಸ್ ಇರುವುದು ವಯರಿಗೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಸಪೂರ ವಯರ್ ಯಾವುದಿದೆಯೋ ಅದು ತಡೆಯುವುದಕ್ಕಿಂತ ಕಡಿಮೆ ಇರಬೇಕು. ದೀಪ ಎಳೆಯುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರಾಯಿತು.

ಈಗ ಒಂದು ಕೆಲಸ ಮಾಡಿ. ಮಲ್ಟಿಮೀಟರ್ ಉಂಟಲ್ಲ? ಮೂರೂ ದೀಪ ಹಾಕಿಟ್ಟು ಅಳೆಯಿರಿ. ದೀಪ ಆರಿಸಿ ಅಳೆದರೆ ಎಂಥ ಕೆಟ್ಟ ವಯರಲ್ಲೂ 12.5 ತೋರಿಸುತ್ತದೆ, ನಂಬಬೇಡಿ. ಮೊದಲು ಬ್ಯಾಟರಿಯಲ್ಲಿ, ಆಮೇಲೆ ಕೆಂಪು ದೀಪದ ಹೋಲ್ಡರಿನಲ್ಲಿ. ಆಮೇಲೆ ಉದ್ದ ವಯರ್ ಒಂದು ತಗೊಂಡು ಬ್ಯಾಟರಿ ಮೈನಸ್ಸಿನಿಂದ ದೀಪದ ಮೈನಸ್ಸಿಗೆ ಎಷ್ಟು ತೋರಿಸುತ್ತದೆ ನೋಡಿ. ಅಲ್ಲಿ ಸೊನ್ನೆಯ ಹತ್ತಿರ ಬರಬೇಕು.


ಗಲ್ಫ್ ಕರಾವಳಿ · ದುಬೈ · ಸೋಮವಾರ ರಾತ್ರಿ 11:30

ಇಲ್ಲಿ ಯಾಟ್ ರಿಪೇರಿ ಯಾರ್ಡಿನಲ್ಲಿ ಹನ್ನೊಂದು ವರ್ಷ ಆಯಿತು, ಊರು ಬ್ರಹ್ಮಾವರದ ಕಡೆ. ನಾವು ಪಾಲಿಸುವ ಅಮೆರಿಕದ ಎಬಿವೈಸಿ (ಬೋಟ್-ಯಾಟ್ ಮಂಡಳಿ) ಪದ್ಧತಿಯಲ್ಲಿ ಸಿಗ್ನಲ್ ಲೈಟಿಗೆ 3 ಪರ್ಸೆಂಟಿಗಿಂತ ಹೆಚ್ಚು ವೋಲ್ಟ್ ಬೀಳಬಾರದು. 12 ವೋಲ್ಟಿಗೆ 0.36 ಅಷ್ಟೇ. ಮೇನ್ ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ 7 ಇಂಚಿನೊಳಗೆ ಇರಬೇಕು, ಅಂದರೆ ಗೇಣು ತುಂಬಬಾರದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವಯರನ್ನು ಕಾಯುವವರು ಯಾರೂ ಇಲ್ಲ, ಅದಕ್ಕೆ.

ಮಲ್ಪೆಯಣ್ಣ ಹೇಳಿದ ಹಾಗೆ ಮೈನಸ್ ಅಳೆಯಿರಿ. ನನ್ನ ಬಾಜಿ ಅಲ್ಲೇ.


ಅಳಿವೆಬಾಯಿ · ಮಂಗಳವಾರ ಮಧ್ಯಾಹ್ನ 1:15

ಅಳೆದೆ. ಭಾವ ಮೀಟರ್ ಹಿಡಿದರು, ನಾನು ಟಾರ್ಪಾಲಿನ ಕೆಳಗೆ ಮಲಗಿ ತಂತಿ ಹಿಡಿದೆ, ಮಳೆ ಬೇರೆ.

ಬ್ಯಾಟರಿಯಲ್ಲಿ 12.3. ಕೆಂಪು ದೀಪದಲ್ಲಿ 10.4. ಪ್ಲಸ್ಸಿನಿಂದ ಪ್ಲಸ್ಸಿಗೆ 0.6. ಮೈನಸ್ಸಿನಿಂದ ಮೈನಸ್ಸಿಗೆ 1.3!

ಮುಂದಿನ ಎರಡೂ ದೀಪದ ಮೈನಸ್ ಮೂತಿಯ ಹಲಗೆ ಕೆಳಗೆ ಒಂದೇ ಸ್ಕ್ರೂವಿಗೆ ಸುತ್ತಿದ್ದರು, ಮೇಲೆ ಎಂ-ಸೀಲ್. ಒಡೆದು ತೆಗೆದೆ. ಸ್ಕ್ರೂ ಅಲ್ಲ ಅದು, ಹಸಿರು ಉಂಡೆ. ವಯರಿನ ಪ್ಲಾಸ್ಟಿಕ್ ಸುಲಿದರೆ ಒಳಗೆ ತಾಮ್ರ ಕಾಣುವುದೇ ಇಲ್ಲ, ಕಪ್ಪು ಪುಡಿ, ನಡುನಡುವೆ ಹಸಿರು. ಎಲ್ಲಿಯವರೆಗೆ ಹೀಗಿದೆ ಅಂತ ಸುಲಿಯುತ್ತ ಹೋದೆ, ಒಂದೂವರೆ ಅಡಿ ಆದರೂ ಮುಗಿಯಲಿಲ್ಲ. ಬೆರಳಿನಲ್ಲಿ ಬಗ್ಗಿಸಿದರೆ ಎಳೆಗಳು ಹಪ್ಪಳದ ಹಾಗೆ ಮುರಿಯುತ್ತವೆ. ಹೊರಗಿನಿಂದ ನೋಡಿದರೆ ವಯರ್ ಹೊಸತರ ಹಾಗೇ ಇದೆ.


ಮಲ್ಪೆ ವಯರ್‌ಮನ್ · ಮಂಗಳವಾರ ಮಧ್ಯಾಹ್ನ 1:50

ಕಿಲುಬು. ಉಪ್ಪುನೀರು ಎಳೆಗಳ ಸಂದಿನಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ತುದಿ ಕತ್ತರಿಸಿ ಹೊಸ ಜೋಡಣೆ ಮಾಡುತ್ತೇನೆ ಅನ್ನಬೇಡಿ, ಪೂರಾ ವಯರ್ ಬಿಸಾಡಿ.


ಲೆಕ್ಕದ ಮೇಷ್ಟ್ರು · ಮಂಗಳವಾರ ಸಂಜೆ 6:00

ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮ ಸಮ ಇಳಿಯುವುದಿಲ್ಲ, ಬಹಳ ಬೇಗ ಇಳಿಯುತ್ತದೆ. ಸರಿಸುಮಾರು 3.4ರ ಘಾತದಲ್ಲಿ. 12ರ ಬದಲು 10.4 ಸಿಕ್ಕರೆ ಬೆಳಕು ನೂರಕ್ಕೆ ಅರವತ್ತು. ಬೆಳಕು ಹಳದಿಗೂ ತಿರುಗುವುದರಿಂದ ಹಸಿರು ಗಾಜಿನಿಂದ ಹೊರಬರುವುದು ಅದಕ್ಕಿಂತಲೂ ಕಡಿಮೆ.

ಇನ್ನೊಂದು ವಿಷಯ, ಗೊತ್ತಿದ್ದವರು ಹೇಳಿ. ಮನೆ ಮೇಲೆ ಸೋಲಾರ್ ಹಾಕಿಸಿದಾಗ ಉಳಿದ ಕೇಬಲ್ ತುಂಡು ನನ್ನ ಹತ್ತಿರ ಇದೆ. ಸುಲಿದು ನೋಡಿದರೆ ಎಳೆಗಳು ಬೆಳ್ಳಗಿವೆ, ಅಲ್ಯೂಮಿನಿಯಂ ಅಂದುಕೊಂಡೆ. ಕೆರೆದರೆ ಒಳಗೆ ಕೆಂಪು ತಾಮ್ರ. ಪಾತ್ರೆಗೆ ಕಲಾಯಿ ಹಾಕಿದ ಹಾಗೆ. ಇದು ದೋಣಿಗೆ ಆಗುವುದಿಲ್ಲವೇ?


ಗಲ್ಫ್ ಕರಾವಳಿ · ಮಂಗಳವಾರ ರಾತ್ರಿ 9:20

ಆಗುತ್ತದೆ ಮೇಷ್ಟ್ರೇ, ಒಳ್ಳೆಯ ಮಾತು ಹೇಳಿದಿರಿ. ಇಲ್ಲಿ ನಾವು ಮರೈನ್ ಕೇಬಲ್ ಅಂತ ದುಬಾರಿ ಕೊಟ್ಟು ತರುವುದೂ ಅದೇ ಕಲಾಯಿ ಹಾಕಿದ ತಾಮ್ರವನ್ನೇ. ಸೋಲಾರ್ ಡಿಸಿ ಕೇಬಲ್ ಈಗ ತಾಲೂಕು ಪೇಟೆಯಲ್ಲೂ ಸಿಗುತ್ತದೆ, ಹೊರಗಿನ ಕವಚ ಬಿಸಿಲಿಗೂ ಜಗ್ಗುವುದಿಲ್ಲ. 4 ಸ್ಕ್ವೇರಿನದ್ದು ಬ್ಯಾಟರಿಯಿಂದ ಫ್ಯೂಸ್ ಡಬ್ಬಿಯವರೆಗೆ ಹಾಕಿ. ದೀಪಗಳಿಗೆ ಅದು ದಪ್ಪವಾಯಿತು, ಹೋಲ್ಡರಿಗೆ ಹೊಗುವುದಿಲ್ಲ. ಅಲ್ಲಿಗೆ ಒಂದೂವರೆ ಸ್ಕ್ವೇರಿನ ಕಲಾಯಿ ವಯರ್ ಹುಡುಕಿ. ಬಲ್ಬೇ ಇಟ್ಟುಕೊಳ್ಳುವುದಾದರೆ, ಅದೂ ಮೂರಕ್ಕೂ ಒಂದೇ ಜೋಡಿ ಎಳೆಯುವುದಾದರೆ, ಎರಡೂವರೆ ಸ್ಕ್ವೇರ್ ಬೇಕು. ದೀಪಕ್ಕೊಂದು ಜೋಡಿ ಎಳೆದರೆ, ಅಥವಾ ಎಲ್‌ಇಡಿ ಹಾಕಿದರೆ, ಒಂದೂವರೆ ಧಾರಾಳ.

ಜೋಡಣೆ ಬಗ್ಗೆ ಎರಡು ಮಾತು. ಬೆಸುಗೆ ಹಾಕಬೇಡಿ, ಬೆಸುಗೆ ಮುಗಿಯುವ ಜಾಗದಲ್ಲಿ ವಯರ್ ಸೆಟೆದುಕೊಂಡು ಎಂಜಿನ್ ನಡುಕಕ್ಕೆ ಮುರಿಯುತ್ತದೆ. ಸರಿಯಾದ ಇಕ್ಕಳದಲ್ಲಿ ಲಗ್ (ವಯರಿನ ತುದಿಗೆ ಹಾಕುವ ಲೋಹದ ಕೊಳವೆ) ಒತ್ತಿ, ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ, ಎರಡೂ ತುದಿಯಲ್ಲಿ ಅಂಟು ಉಕ್ಕಿ ಬರಬೇಕು. ಇನ್ನೊಂದು, ಹುಳಿ ವಿನೆಗರ್ ವಾಸನೆ ಬರುವ ಸಿಲಿಕಾನ್ ಬಾತ್‌ರೂಮಿಗೆ ಇರಲಿ. ಆ ವಾಸನೆಯೇ ಆಮ್ಲ, ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಕೇಳಿ ತನ್ನಿ.


ಕೋಡಿ ಹುಡುಗ · ಮಂಗಳವಾರ ರಾತ್ರಿ 9:45

ಟೇಪ್ ಸುತ್ತಿ ಎಂ-ಸೀಲ್ ಮೆತ್ತಿರೆ ಆತಿಲ್ಯಾ? ನಮ್ಮ್ ದೋಣಿಯಾಗ್ ಹಾಂಗೇ ಇತ್ತ್.


ಮಲ್ಪೆ ವಯರ್‌ಮನ್ · ಮಂಗಳವಾರ ರಾತ್ರಿ 9:50

ಮೇಲೆ ಅಳಿವೆಬಾಯಿಯವರು ಒಡೆದದ್ದು ಎಂಥದ್ದನ್ನು? ಎಂ-ಸೀಲೇ ಅಲ್ವಾ. ನೀರು ಹೊರಗಿನಿಂದ ಬರದಿದ್ದರೆ ವಯರಿನ ಒಳಗಿನಿಂದ ಬರುತ್ತದೆ. ಬಂದದ್ದು ಹೊರಗೆ ಹೋಗಲಿಕ್ಕೆ ನೀವೇ ಬಾಗಿಲು ಹಾಕಿರುತ್ತೀರಿ. ದೀಪದ ಕೆಳಗೆ ಸಣ್ಣ ತೂತು ಇರುತ್ತದಲ್ಲ, ಅದನ್ನೂ ಮುಚ್ಚುವವರಿದ್ದಾರೆ. ಅದು ಬೆವರಿದ ನೀರು ಇಳಿಯಲಿಕ್ಕೆ ಮಾಡಿಟ್ಟದ್ದು, ಮುಟ್ಟಬೇಡಿ.


ಅಳಿವೆಬಾಯಿ · ಬುಧವಾರ ರಾತ್ರಿ 8:00

ಎಲ್ಲರಿಗೂ ಉಪಕಾರ. ಈಗ ಫ್ಯೂಸ್ ಲೆಕ್ಕ ಸರಿಯಾ ನೋಡಿ. ಬ್ಯಾಟರಿ ಹತ್ತಿರ ಒಂದೇ 5 ಆಂಪ್ ಹಾಕಿ, ಅಲ್ಲಿಂದ ಮೂರು ಸ್ವಿಚ್ಚಿಗೆ ಕೊಟ್ಟರೆ ಆಯಿತಲ್ಲ?


ಮಲ್ಪೆ ವಯರ್‌ಮನ್ · ಬುಧವಾರ ರಾತ್ರಿ 8:15

ಬೆಂಕಿ ಹಿಡಿಯುವುದಿಲ್ಲ, ಆದರೆ ಕತ್ತಲಾಗುತ್ತದೆ. ನನ್ನ ಸ್ವಂತ ಕತೆ ಕೇಳಿ. ಮೊದಲು ಮಾಡಿದ ದೋಣಿಗಳಲ್ಲಿ ಒಂದಕ್ಕೆ ಹೀಗೇ ಒಂದೇ ಫ್ಯೂಸ್ ಕೊಟ್ಟಿದ್ದೆ. ಮೂತಿಗೆ ತೆರೆ ಹೊಡೆದು ಹಸಿರು ದೀಪ ಒಡೆಯಿತು, ನೀರು ಹೊಕ್ಕು ಶಾರ್ಟ್, ಫ್ಯೂಸ್ ಹೋಯಿತು. ಫ್ಯೂಸ್ ತನ್ನ ಕೆಲಸ ಮಾಡಿತು, ಆದರೆ ಕೆಂಪೂ ಹೋಯಿತು, ಬಿಳಿಯೂ ಹೋಯಿತು, ಸ್ವಿಚ್ ಡಬ್ಬಿಯ ಲೈಟೂ ಹೋಯಿತು. ಅವರು ಕತ್ತಲಲ್ಲಿ ತಡಕಾಡುತ್ತ ಅಳಿವೆ ದಾಟಿ ಬಂದರು. ಬಂದ ಮೇಲೆ ನನಗೆ ಬೈದದ್ದು ಇಲ್ಲಿ ಬರೆಯುವ ಹಾಗಿಲ್ಲ.

ಹೀಗೆ ಮಾಡಿ: ಬ್ಯಾಟರಿ ಹತ್ತಿರ 10 ಆಂಪ್, ಕೆಂಪು ಬಣ್ಣದ್ದು. ಅಲ್ಲಿಂದ 4 ಸ್ಕ್ವೇರಿನಲ್ಲಿ ಫ್ಯೂಸ್ ಡಬ್ಬಿಗೆ. ಡಬ್ಬಿಯಲ್ಲಿ ದೀಪಕ್ಕೊಂದು 3 ಆಂಪ್, ನೇರಳೆ ಬಣ್ಣ. ಒಂದು ದೀಪ ಶಾರ್ಟ್ ಆದರೆ 3ರದ್ದು ಮೊದಲು ಹೋಗುತ್ತದೆ, 10ರದ್ದು ಉಳಿಯುತ್ತದೆ, ಬಾಕಿ ದೀಪ ಉರಿಯುತ್ತಿರುತ್ತವೆ. ಕೆಂಪು-ಹಸಿರಿಗೆ ಸ್ವಿಚ್ ಒಂದೇ ಇರಲಿ, ಫ್ಯೂಸ್ ಬೇರೆ ಬೇರೆ ಇರಲಿ. ಪ್ರತಿ ದೀಪದ ಮೈನಸ್ಸೂ ಡಬ್ಬಿಯವರೆಗೆ ತನ್ನದೇ ವಯರಿನಲ್ಲಿ ಬರಲಿ. ಮೂತಿಯಲ್ಲಿ ಜೋಡಣೆಯೇ ಬೇಡ.


ಬೈತಖೋಲ · ಗುರುವಾರ ಬೆಳಿಗ್ಗೆ 6:30

ಸ್ವಿಚ್ ಮಾತು ಬಂತು ಅಂತ ಹೇಳುತ್ತೇನೆ, ಇದನ್ನು ದೊಡ್ಡ ಬೋಟಿನವರೂ ತಪ್ಪುತ್ತಾರೆ. ನೀವು ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ ಕೂತಿದ್ದೀರಿ. ಆಗ ಬದಿಯ ಕೆಂಪು-ಹಸಿರು ಉರಿಯುತ್ತಿದ್ದರೆ ಎದುರಿನವನು ನೀವು ಓಡುತ್ತಿದ್ದೀರಿ ಅಂದುಕೊಳ್ಳುತ್ತಾನೆ, ಬಲೆ ಇದೆ ಅಂತ ಅವನಿಗೆ ಗೊತ್ತಾಗುವುದಿಲ್ಲ, ನೇರ ಬಲೆಯ ಮೇಲೆ ಹಾಯಿಸುತ್ತಾನೆ. ಆಮೇಲೆ ದಕ್ಕೆಯಲ್ಲಿ ಜಗಳ. ಬಲೆ ಬಿಟ್ಟಾಗ ತೋರಿಸಬೇಕಾದ್ದು ಮೇಲೆ ಕೆಂಪು, ಅದರ ಕೆಳಗೆ ಬಿಳಿ, ಎರಡೂ ಸುತ್ತಲೂ ಕಾಣುವಂಥವು. ಮೇಲೆ ಹಸಿರು, ಕೆಳಗೆ ಬಿಳಿ ಇದ್ದರೆ ಟ್ರಾಲ್ ಎಳೆಯುವವರು. ಬಲೆ ನೀರಲ್ಲಿದ್ದೂ ದೋಣಿ ಸಾಗುತ್ತಿದ್ದರೆ ಬದಿಯ ದೀಪ ಮತ್ತು ಹಿಂಬದಿಯ ಬಿಳಿ ದೀಪ ಸೇರಬೇಕು. ಬಲೆ 150 ಮೀಟರಿಗಿಂತ ಆಚೆ ಚಾಚಿದ್ದರೆ ಆ ದಿಕ್ಕಿಗೆ ಇನ್ನೊಂದು ಬಿಳಿ.

ಹಾಗಾಗಿ ನಿಮಗೆ ನಾಲ್ಕನೆಯ ದೀಪ ಬೇಕು, ಕಂಬದ ತುದಿಯ ಕೆಂಪು. ಬಿಳಿಗಿಂತ ಕನಿಷ್ಠ 1 ಮೀಟರ್ ಮೇಲೆ.

ಪ್ರಖರ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಬೋಟುಗಳ ವಿಷಯ ಮಾತಾಡಿದರೆ ಇಲ್ಲಿ ಮುಗಿಯಲಿಕ್ಕಿಲ್ಲ. 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದ್ದು. ಆ ಹೊನಲಿನ ಎದುರು ನಿಮ್ಮ 10 ವ್ಯಾಟ್ ಎಲ್ಲಿ ಕಾಣಬೇಕು.


ಗಲ್ಫ್ ಕರಾವಳಿ · ಗುರುವಾರ ರಾತ್ರಿ 10:10

ಕಂಬದ ವಿಷಯದಲ್ಲಿ ಒಂದು ತೊಡಕು. ಕೆಳಗಿನ ಬಿಳಿ ದೀಪಕ್ಕೆ ಕಂಬವೇ ಅಡ್ಡ. ಮರೆ 6 ಡಿಗ್ರಿಗಿಂತ ಹೆಚ್ಚಾಗಬಾರದು ಅಂತ ನಿಯಮ. 1 ಇಂಚು ದಪ್ಪದ ಕಂಬವಾದರೆ ದೀಪವನ್ನು ಅದರಿಂದ 24 ಸೆಂಟಿಮೀಟರ್ ದೂರ ಕೈಕಂಬಿ ಕೊಟ್ಟು ಕೂರಿಸಬೇಕು, ಹೆಚ್ಚುಕಡಿಮೆ ಒಂದು ಗೇಣು. ಕಂಬ ದಪ್ಪವಾದಷ್ಟೂ ದೂರ ಹೋಗಬೇಕು. ವಯರ್ ಕಂಬದೊಳಗಿಂದ ಇಳಿಸಿ, ಕೆಳಗೆ ಹೊರಬರುವಲ್ಲಿ ಒಂದು ಜೋಲು ಬಿಡಿ. ನೀರು ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಡಬ್ಬಿಯೊಳಗೆ ಹರಿಯುವುದಿಲ್ಲ.

ಎಲ್‌ಇಡಿ ಹಾಕಿ, ಖಂಡಿತ. ಆದರೆ ಹಳೆಯ ದೀಪದೊಳಗೆ ಬಲ್ಬಿನ ಬದಲು ಬಿಳಿ ಎಲ್‌ಇಡಿ ತುರುಕಬೇಡಿ. ಹಸಿರು ಗಾಜಿನ ಹಿಂದೆ ಅದು ನೀಲಿ ಕಡೆಗೆ ತಿರುಗುತ್ತದೆ, ಕೆಂಪಿನ ಹಿಂದೆ ಸೊರಗುತ್ತದೆ. ಬದಿಯ ದೀಪ ಎದುರಿನಿಂದ ಪಕ್ಕಕ್ಕೆ 112.5 ಡಿಗ್ರಿ ಮಾತ್ರ ಕಾಣಬೇಕು, ಆ ಅಂಚೂ ತಪ್ಪುತ್ತದೆ. ಎಲ್‌ಇಡಿಗೆಂದೇ ಮಾಡಿದ ಪೂರಾ ದೀಪ ತನ್ನಿ. ವಿಎಚ್‌ಎಫ್ ಸೆಟ್ (ದೋಣಿಯ ರೇಡಿಯೊ) ಇದ್ದರೆ ದೀಪ ಹಾಕಿ-ಆರಿಸಿ ಕೇಳಿ, ಅಗ್ಗದ ಎಲ್‌ಇಡಿಯೊಳಗಿನ ಸರ್ಕ್ಯೂಟ್ ರೇಡಿಯೊದಲ್ಲಿ ಗೊರಗೊರ ಎಬ್ಬಿಸುತ್ತದೆ. ಎಂಜಿನ್ನಿನಿಂದ ಚಾರ್ಜಿಂಗ್ ಇದ್ದರೆ ಓಡುವಾಗ ಬ್ಯಾಟರಿ ತಂತಿ ಬಿಚ್ಚಬೇಡಿ, ವೋಲ್ಟ್ ನೆಗೆದು ಎಲ್ಲ ಎಲ್‌ಇಡಿಯೂ ಒಟ್ಟಿಗೆ ಸಾಯುತ್ತವೆ.


ಅಳಿವೆಬಾಯಿ · ಮುಂದಿನ ಭಾನುವಾರ ಸಂಜೆ 7:20

ಮುಗಿಯಿತು, ಕಂಬ ಒಂದು ಬಿಟ್ಟು. ವೆಲ್ಡಿಂಗ್ ಶಾಪಿನವರು ಮಳೆಗೆ ಕರೆಂಟಿಲ್ಲ ಅಂತ ನಾಳೆ ನಾಳೆ ಅನ್ನುತ್ತಿದ್ದಾರೆ. ಒಂದು ಗೇಣು ಕೈಕಂಬಿ ಅಂತ ಹೇಳಿದ್ದಕ್ಕೆ "ಯಾರ ಗೇಣು?" ಅಂತ ಕೇಳಿದರು.

ಮೇಷ್ಟ್ರ ಸೋಲಾರ್ ಕೇಬಲ್ ಕುಂದಾಪುರದಲ್ಲೇ ಸಿಕ್ಕಿತು, ಒಂದೂವರೆ ಸ್ಕ್ವೇರಿನ ಕಲಾಯಿ ವಯರಿಗೆ ಮಂಗಳೂರಿಗೆ ಹೇಳಿ ತರಿಸಬೇಕಾಯಿತು. ಬದಿಯ ಎರಡು ಎಲ್‌ಇಡಿ 2 ವ್ಯಾಟಿನವು. ಎಲ್ಲ ಹಾಕಿಟ್ಟು ಅಳೆದೆ: ಬ್ಯಾಟರಿಯಲ್ಲಿ 12.5, ಮೂತಿಯಲ್ಲಿ 12.4. ನಿನ್ನೆ ಮಳೆ ಬಿಟ್ಟ ಹೊತ್ತಿಗೆ ಅಣ್ಣ ಅಳಿವೆಯ ಆಚೆ ದಡಕ್ಕೆ ಹೋಗಿ ನಿಂತು ಫೋನ್ ಮಾಡಿದ, "ಕೆಂಪು ಕಾಣ್ತದೆ, ಹಸಿರು ಕಾಣ್ತಿಲ್ಲ." ಹೆದರಿಕೆಯಾಯಿತು. ಆಮೇಲೆ ನೆನಪಾಯಿತು, ಅವನು ನಿಂತದ್ದು ಎಡಮಗ್ಗುಲಿಗೆ, ಹಸಿರು ಕಾಣಲೇಬಾರದು.

ಭಾವ ಟಾರ್ಚ್ ಬಿಡಲು ಒಪ್ಪಿಲ್ಲ. ಇರಲಿ ಅಂದೆ.


ಕೋಡಿ ಹುಡುಗ · ಭಾನುವಾರ ಸಂಜೆ 7:40

ಭಾವ ಸಮ ಹೇಳಿರ್ ಕಾಣಿ. ನಮ್ಮ್ ದೋಣಿ ಎಂ-ಸೀಲ್ ಇವತ್ತ್ ಒಡ್ದೆ. ಒಳ್ಗೆ ಹಸ್ರ್. ಇಕ್ಕಳ ಯಾವ್ದ್ ತಕಂಬುದ್ ಹೇಳಿ.


ಮಲ್ಪೆ ವಯರ್‌ಮನ್ · ಭಾನುವಾರ ರಾತ್ರಿ 8:05

ಕೋಡಿ, ಹಲ್ಲು ತಾನೇ ಲಾಕ್ ಆಗಿ ಪೂರಾ ಒತ್ತಿದ ಮೇಲೆಯೇ ಬಿಡುವ ಇಕ್ಕಳ ತಗೊಳ್ಳಿ. ಒತ್ತಿದ ಮೇಲೆ ಲಗ್ ಹಿಡಿದು ಜೋರಾಗಿ ಎಳೆದು ನೋಡಿ, ಕಳಚಿದರೆ ಇನ್ನೊಂದು ಹಾಕಿ.

ಅಳಿವೆಬಾಯಿ, ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೆ 3ರದ್ದು ನಾಲ್ಕು, 10ರದ್ದು ಎರಡು ಅಂಟಿಸಿಡಿ. ಇಲ್ಲದಿದ್ದರೆ ನೀವೂ ಸಿಗರೇಟ್ ಪ್ಯಾಕೆಟ್ ಹುಡುಕುತ್ತೀರಿ.


ಅಳಿವೆಬಾಯಿ · ಭಾನುವಾರ ರಾತ್ರಿ 8:10

ನಮ್ಮಲ್ಲಿ ಯಾರೂ ಸಿಗರೇಟ್ ಸೇದುವುದಿಲ್ಲ ಅಣ್ಣ. ಭಾವನದ್ದು ಬೀಡಿ.